ಒಣ ಮಣ್ಣಲ್ಲಿ ಸಿಕ್ಕ ಕಾಲಿಲ್ಲದ ಜೀವಿ: ಗುರುತು ಹೇಳಿ, ಹಿಡಿಯುವುದು ಹೇಗೆ?

ಗುದ್ದಲಿ_ಕೈ: ತಲೆ ಕೆಟ್ಟು ಹೋಗಿದೆ. ಒಣ ಮಣ್ಣು ಅಗೆಯುವಾಗ ಸಿಕ್ಕಿತು. ಎರಡೂ ತುದಿ ಒಂದೇ ಥರ. ಬಿಟ್ಟರೆ ಮಣ್ಣೊಳಗೆ ನುಗ್ಗುತ್ತದೆ, ಹಿಡಿದರೆ ಚುಚ್ಚುತ್ತದೆ. ಏನಿದು?

ಉಂಗುರಪ್ರಿಯ: ವರ್ಮ್ ಲಿಜರ್ಡ್ (ಎರೆಹುಳುವಿನಂತೆ ಕಾಣುವ, ಮಣ್ಣೊಳಗಿನ ಸರೀಸೃಪ), ಬೇರೆ ಮಾತೇ ಇಲ್ಲ. ಮೈ ತುಂಬ ಉಂಗುರ ಇರುತ್ತದೆ, ನೋಡಿ.

ಬಿಲದ_ಗೆಳೆಯ: ತಡೀರಿ. ಎಷ್ಟು ದಪ್ಪ, ಯಾವ ಖಂಡ, ಏನೂ ಹೇಳಿಲ್ಲವಲ್ಲ. ಗೊತ್ತಾಗುವ ತನಕ ಮುಟ್ಟಬೇಡಿ. ಆಫ್ರಿಕಾ, ಮಧ್ಯಪ್ರಾಚ್ಯದ ಸ್ಟಿಲೆಟ್ಟೋ ಹಾವು ಕೂಡ ಮಣ್ಣೊಳಗೇ ಇರುತ್ತದೆ. ಬಾಯಿ ಪೂರ್ತಿ ತೆರೆಯದೆ ವಿಷದ ಹಲ್ಲನ್ನು ಪಕ್ಕಕ್ಕೆ ಚಾಚಿ ಚುಚ್ಚುತ್ತದೆ. ಕತ್ತು ಒತ್ತಿ ಹಿಡಿದವರೂ ಕಚ್ಚಿಸಿಕೊಂಡಿದ್ದಾರೆ.

ಗುದ್ದಲಿ_ಕೈ: ದಕ್ಷಿಣ ಏಷ್ಯಾ. ಉಂಗುರ ಎಲ್ಲೂ ಇಲ್ಲ, ಮೈ ನುಣುಪು.

ಉಂಗುರಪ್ರಿಯ: ಸಣ್ಣದಾಗಿದ್ದರೆ ಬರಿಗಣ್ಣಿಗೆ ಸರಿಯಾಗಿ ಕಾಣದಿರಬಹುದು. ಸಣ್ಣದನ್ನು ಹತ್ತಿರದಿಂದ ತೆಗೆಯುವ ನನ್ನ 100 ಎಂಎಂ ಮ್ಯಾಕ್ರೋ ಲೆನ್ಸ್‌ಗೆ, ಅದರ ಸುತ್ತ ಕೂರುವ ರಿಂಗ್ ಫ್ಲ್ಯಾಶ್ ಹಾಕಿದರೆ ಒಂದೊಂದೂ ಎಣಿಸಬಹುದು.

ಮರಳುಪೆಟ್ಟಿಗೆ: ನುಣುಪು ಹುರುಪೆಗೆ ರಿಂಗ್ ಫ್ಲ್ಯಾಶ್? ಬರೀ ಬಿಳಿ ಚುಕ್ಕೆ ಬೀಳುತ್ತದೆ. ನಾನು ಎರಡು ಫ್ಲ್ಯಾಶ್‌ಗೂ ಬೆಳಕನ್ನು ಹರಡುವ ಡಿಫ್ಯೂಸರ್ ಕಟ್ಟಿದ್ದೇನೆ, ಹುರುಪೆಯ ಅಂಚು ಕೂಡ ಕಾಣುತ್ತದೆ.

ಉಂಗುರಪ್ರಿಯ: ಪವರ್ ಕಡಿಮೆ ಮಾಡಿದರೆ ಬೀಳುವುದಿಲ್ಲ. ಬಳಸಿ ನೋಡಿ ಮಾತಾಡಿ.

ಬಿಲದ_ಗೆಳೆಯ: ಲೆನ್ಸ್ ವಿಷಯಕ್ಕೆ ಬೇರೆ ಥ್ರೆಡ್ ಮಾಡಿ, ದಯವಿಟ್ಟು. ದಕ್ಷಿಣ ಏಷ್ಯಾದಲ್ಲಿ ವರ್ಮ್ ಲಿಜರ್ಡ್ ಇಲ್ಲವೇ ಇಲ್ಲ. ಗುದ್ದಲಿ, ಚುಚ್ಚುವುದು ಯಾವ ತುದಿ? ನಾಲಿಗೆ ಕಂಡಿತಾ?

ಗುದ್ದಲಿ_ಕೈ: ಚುಚ್ಚುವ ತುದಿಯಲ್ಲಿ ಸಣ್ಣ ಮುಳ್ಳಿದೆ. ನಾಲಿಗೆ ಇನ್ನೊಂದು ತುದಿಯಿಂದ ಬರುತ್ತದೆ. ಅಲ್ಲೇ ಹುರುಪೆಯ ಅಡಿಯಲ್ಲಿ ಎರಡು ಕಪ್ಪು ಚುಕ್ಕೆ. ಪೆನ್ ರೀಫಿಲ್‌ನಷ್ಟು ದಪ್ಪ, ಗೇಣುದ್ದವೂ ಇಲ್ಲ.

ಬಿಲದ_ಗೆಳೆಯ: ಇದನ್ನು ಮೊದಲೇ ಹೇಳಬೇಕಿತ್ತು! ಹುಳುಹಾವು. ಚುಕ್ಕೆಗಳೇ ಕಣ್ಣು. ಮುಳ್ಳು ಬಾಲದ್ದು, ಅದನ್ನು ಊರಿಕೊಂಡು ಮುಂದೆ ಸರಿಯುತ್ತದೆ. ವಿಷ ಇಲ್ಲ. ಚಿವುಟಿ ಹಿಡಿಯಬೇಡಿ, ಮಣ್ಣು ಸಮೇತ ಬೊಗಸೆಯಲ್ಲಿ ಎತ್ತಿ. ಬಿಸಿಲಲ್ಲಿ ಇಡಬೇಡಿ, ಬೇಗ ಒಣಗಿ ಸಾಯುತ್ತದೆ. ನಡುಮೈ ಸುತ್ತ ಹುರುಪೆಯ ಸಾಲು 20 ಇದ್ದರೆ ಬ್ರಾಹ್ಮಿಣಿ ಹುಳುಹಾವು ಇರಬಹುದು. ಆ ಜಾತಿಯಲ್ಲಿ ಸಿಕ್ಕಿರುವುದೆಲ್ಲ ಹೆಣ್ಣೇ. ಗಂಡಿಲ್ಲದೆ ಮೊಟ್ಟೆ ಇಟ್ಟು ಮರಿ ಮಾಡುತ್ತದೆ. ಹೂಕುಂಡದ ಮಣ್ಣಲ್ಲಿ ಒಂದೇ ಒಂದು ಹೋದರೂ ಸಾಕು, ಹೊಸ ದೇಶದಲ್ಲಿ ನೆಲೆ ನಿಲ್ಲುತ್ತದೆ.

ಮರಳುಪೆಟ್ಟಿಗೆ: ಸಾಕಬಹುದಲ್ವಾ? ನನ್ನ ಗಾಜಿನ ಪೆಟ್ಟಿಗೆಯಲ್ಲಿ ಮೂರು ಪದರ ಮಣ್ಣಿದೆ, ಅಡಿಯಲ್ಲಿ ತೇವ...

ಬಿಲದ_ಗೆಳೆಯ: ಬೇಡ. ಇರುವೆ, ಗೆದ್ದಲಿನ ಮೊಟ್ಟೆ ಮರಿಯೇ ಅದರ ಊಟ. ದಿನಾ ಎಲ್ಲಿಂದ ತರುತ್ತೀರಿ? ಸಿಕ್ಕಲ್ಲೇ ಬಿಡಿ.

ಗುದ್ದಲಿ_ಕೈ: ಬೊಗಸೆಯಲ್ಲಿ ಎತ್ತಿದೆ, ಆರಾಮಾಗಿದೆ. ಆದರೆ ಹೊರಳುತ್ತಲೇ ಇದೆ, ಸಾಲು ಎಣಿಸುವುದು ಹೇಗೆ?

ಬಿಲದ_ಗೆಳೆಯ: ಆಚೆ ಈಚೆ ಕಾಣುವ ಸ್ಟ್ರಾ ಮುಂದಿಡಿ, ತಾನೇ ಒಳಗೆ ನುಗ್ಗುತ್ತದೆ. ಎರಡೂ ಬಾಯಿ ತೆರೆದೇ ಇರಲಿ. ಫೋಟೋ ತೆಗೆದು ತಕ್ಷಣ ಬಿಡಿ, ಸಾಲನ್ನು ಫೋಟೋದಲ್ಲಿ ಎಣಿಸೋಣ.

ಉಂಗುರಪ್ರಿಯ: ಯಾವ ಲೆನ್ಸಲ್ಲಿ ತೆಗೆಯುತ್ತೀರಿ?