ಓದುಗರ ಸ್ಪಂದನ: ಮೇಣದಬತ್ತಿ ಹಿಡಿದು ಎಲ್ಲಿಗೆ ಹೋಗಲಿ?

ಕಳೆದ ಸಂಚಿಕೆಯಲ್ಲಿ ಬೆಂಗಳೂರಿನ ಸಹೋದರಿಯೊಬ್ಬರು ತಮ್ಮ ಸಂಕಟ ತೋಡಿಕೊಂಡಿದ್ದರು. 2021ರ ಮೇ ತಿಂಗಳಲ್ಲಿ ಕೋವಿಡ್‌ನಿಂದ ತೀರಿಕೊಂಡ ಗಂಡನನ್ನು ಮಣ್ಣು ಮಾಡಲಾಗಲಿಲ್ಲ, ವಿದ್ಯುತ್ ಚಿತಾಗಾರದಲ್ಲಿ ಸುಟ್ಟರು. ‘ಸತ್ತವರೆಲ್ಲ ಏಳುವ ಕಡೇ ದಿನ ಸುಟ್ಟ ದೇಹ ಏಳುವುದು ಹೇಗೆ?’ ಎಂದು ನಾದಿನಿ ಆಡಿದ ಮಾತು ಎದೆಯಲ್ಲೇ ಕೂತಿದೆ. ನಮ್ಮ ಧರ್ಮಸಭೆ ಸತ್ತವರನ್ನು ನೆನೆಯುವ ನವೆಂಬರ್ 2ರಂದು ಎಲ್ಲರೂ ಮೇಣದಬತ್ತಿ ಹಿಡಿದು ತಮ್ಮವರ ಸಮಾಧಿಗೆ ಹೋಗುವಾಗ ತಾನು ಎಲ್ಲಿಗೆ ಹೋಗಲಿ ಎಂಬುದು ಅವರ ಪ್ರಶ್ನೆ.

ಮಂಗಳೂರಿನಿಂದ

ಅಕ್ಕಾ, ನಿಮ್ಮ ಪತ್ರ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನಮ್ಮಣ್ಣ ಹಡಗಿನಲ್ಲಿ ಕೆಲಸಕ್ಕಿದ್ದ. ಒಂದು ಮಳೆಗಾಲದಲ್ಲಿ ಸಮುದ್ರಕ್ಕೆ ಬಿದ್ದವನು ಸಿಗಲೇ ಇಲ್ಲ. ನಿಮಗೆ ಬೂದಿಯಾದರೂ ಸಿಕ್ಕಿತು. ನಮಗೆ ಬಂದದ್ದು ಅವನ ಪೆಟ್ಟಿಗೆ. ಅದರಲ್ಲಿ ಎರಡು ಅಂಗಿ, ಅಮ್ಮ ಕಟ್ಟಿಕೊಟ್ಟಿದ್ದ ಉಪ್ಪಿನಕಾಯಿಯ ಭರಣಿ. ಅರ್ಧ ಖಾಲಿಯಾಗಿತ್ತು. ಆ ಭರಣಿಯನ್ನು ಅಮ್ಮ ವರ್ಷಗಟ್ಟಲೆ ತೊಳೆಯಲಿಲ್ಲ.

ಮೊದಲ ನವೆಂಬರ್‌ನಲ್ಲಿ ಅಮ್ಮ ಮನೆಯಿಂದ ಹೊರಡಲಿಲ್ಲ. ಎರಡನೆಯ ವರ್ಷ ತಾನಾಗಿಯೇ ಎದ್ದು, ಒಂದು ಕರಟದಲ್ಲಿ ಮರಳು ತುಂಬಿ ಮೇಣದಬತ್ತಿ ನೆಟ್ಟು ಸ್ಮಶಾನಕ್ಕೆ ಬಂದರು. ನಡುವೆ ದೊಡ್ಡ ಶಿಲುಬೆ ಇದೆಯಲ್ಲ, ಅದರ ಬುಡದಲ್ಲಿ ಇಟ್ಟರು. ಗಾಳಿಗೆ ಮೂರು ಸಲ ಆರಿತು. ನಾಲ್ಕನೆಯ ಸಲ ಪಕ್ಕದಲ್ಲಿ ನಿಂತಿದ್ದ ಯಾರೋ ಹೆಂಗಸು ತನ್ನ ಸೆರಗು ಅಡ್ಡ ಹಿಡಿದಳು. ಅವಳ ಮಗ ದುಬೈಯಲ್ಲಿ ಸತ್ತು ಅಲ್ಲೇ ಮಣ್ಣಾಗಿದ್ದನಂತೆ. ಹೀಗೆ ಸಮಾಧಿ ಇಲ್ಲದವರೇ ಅಲ್ಲಿ ಸೇರುತ್ತಾರೆಂದು ನನಗೆ ಅವತ್ತು ತಿಳಿಯಿತು. ನಿಮ್ಮ ಇಗರ್ಜಿಯ ಸ್ಮಶಾನದಲ್ಲೂ ಅಂಥ ಶಿಲುಬೆ ಇರಬಹುದು, ನೋಡಿ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ 20ನೆಯ ಅಧ್ಯಾಯದಲ್ಲಿ ಸಮುದ್ರವೂ ತನ್ನೊಳಗಿನ ಸತ್ತವರನ್ನು ಒಪ್ಪಿಸಿತೆಂದು ಬರೆದಿದೆ. ಅಮ್ಮನಿಗೆ ಓದು ಬರುತ್ತಿರಲಿಲ್ಲ. ಆ ಪುಟದ ನಡುವೆ ಅಣ್ಣನ ಫೋಟೊ ಇಡಲು ಮಾತ್ರ ಹೇಳಿದ್ದರು.

*ಈ ಪತ್ರವನ್ನು ಮೊಟಕುಗೊಳಿಸಲು ನಮಗೆ ಮನಸ್ಸಾಗಲಿಲ್ಲ. ಮುಂದಿನ ಪತ್ರ ತಾನಾಗಿಯೇ ಚಿಕ್ಕದು.*

ಗದಗದ ನಿವೃತ್ತ ಶಿಕ್ಷಕರು

ಜೀವಿಸುವವನನ್ನು ಸತ್ತವರೊಳಗೆ ಯಾಕೆ ಹುಡುಕುತ್ತೀರಿ ಎಂದು ಯೇಸುವಿನ ಖಾಲಿ ಸಮಾಧಿಯ ಬಳಿ ದೇವದೂತರು ಕೇಳಿದ್ದು ನಿಮಗೂ ಅನ್ವಯಿಸುತ್ತದೆ. ಮೇಣದಬತ್ತಿಯ ದುಡ್ಡನ್ನು ಬಡವರಿಗೆ ಕೊಡಿ. ಅಳುವುದು ಸಾಕು.

*ಗೆಳೆಯ ಲಾಜರನ ಸಮಾಧಿಯ ಮುಂದೆ, ಅವನನ್ನು ಎಬ್ಬಿಸಲಿದ್ದ ಯೇಸುವೇ ಕಣ್ಣೀರಿಟ್ಟದ್ದನ್ನು ಮೇಷ್ಟ್ರು ಬಲ್ಲರು.*

ಶಿವಮೊಗ್ಗದ ಉಪದೇಶಕರೊಬ್ಬರು

ನಾದಿನಿಯ ಮಾತಿಗೆ ಚರಿತ್ರೆಯೇ ಉತ್ತರ ಕೊಟ್ಟಿದೆ. ಕ್ರಿ.ಶ. 177ರಲ್ಲಿ ಈಗಿನ ಫ್ರಾನ್ಸಿನ ಲಿಯಾನ್‌ನಲ್ಲಿ ಕ್ರೈಸ್ತರನ್ನು ಕೊಂದವರು ಹೆಣಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಚೆಲ್ಲಿದರು. ಏಳುವ ಆಸೆಯೇ ಇವರಿಗೆ ಉಳಿಯದಿರಲಿ ಎಂಬುದು ಅವರ ಲೆಕ್ಕ. ನಾದಿನಿಯ ತರ್ಕ ಆ ಕೊಲೆಗಾರರದ್ದೇ. ಬೈಬಲಿನಲ್ಲಿ ಪ್ರೇಷಿತ ಪೌಲನು ಕೊರಿಂಥದ ಕ್ರೈಸ್ತರಿಗೆ ಹೇಳಿದ್ದು ಬಿತ್ತಿದ ಕಾಳಿನ ಮಾತು: ನೀವು ಬಿತ್ತುವುದು ಬರೀ ಕಾಳು, ಮುಂದೆ ಬರುವ ಪೈರಿನ ದೇಹವನ್ನಲ್ಲ, ಅದಕ್ಕೆ ದೇಹ ಕೊಡುವವನು ದೇವರು. ಕಥೋಲಿಕ ಧರ್ಮಸಭೆ 1963ರಲ್ಲೇ ದಹನಕ್ಕೆ ಅನುಮತಿ ಕೊಟ್ಟಿದೆ. ಆದರೆ ವ್ಯಾಟಿಕನ್ನಿನ 2016ರ ಸೂಚನೆಯಂತೆ ಬೂದಿಯನ್ನು ಚೆಲ್ಲಬಾರದು, ಸಾಮಾನ್ಯವಾಗಿ ಮನೆಯಲ್ಲೂ ಇಡಬಾರದು. ಸ್ಮಶಾನದಂಥ ಪವಿತ್ರ ಸ್ಥಳದಲ್ಲಿಡಬೇಕು.

*ಸಹೋದರಿ ನಾದಿನಿಗೆ ಇದನ್ನು ತೋರಿಸುವುದಾದರೆ ಕೊಲೆಗಾರರ ಮಾತಿದ್ದ ಸಾಲನ್ನು ಬಿಟ್ಟು ತೋರಿಸಲಿ.*

ಬೆಂಗಳೂರಿನಿಂದ

ಹೂಳಿದ್ದರೂ ಅಷ್ಟೆ. ನಮ್ಮ ತಾತನ ಗುಂಡಿಯಲ್ಲೇ ಅಜ್ಜಿ, ಅದರ ಮೇಲೆ ಚಿಕ್ಕಪ್ಪ. ಜಾಗ ಎಲ್ಲಿದೆ? ಇದರ ಬಗ್ಗೆ ಪತ್ರಿಕೆಯವರು ಒಂದು ಲೇಖನವನ್ನೂ ಹಾಕುವುದಿಲ್ಲ.

*ಹಾಕುತ್ತೇವೆ.*

ಶ್ರೀರಂಗಪಟ್ಟಣದಿಂದ

ನಾನು ನಿಮ್ಮ ಧರ್ಮದವಳಲ್ಲ, ಪಕ್ಕದ ಮನೆಯ ರೀಟಮ್ಮನವರಿಂದ ಈ ಪತ್ರಿಕೆ ತಂದು ಓದುವವಳು. ನಮ್ಮ ಯಜಮಾನರ ಅಸ್ಥಿಯನ್ನು ಇಲ್ಲಿನ ಪಶ್ಚಿಮವಾಹಿನಿಯಲ್ಲಿ, ಕಾವೇರಿಗೆ ಬಿಟ್ಟೆವು. ಬಸ್ಸು ಸೇತುವೆ ದಾಟುವಾಗಲೆಲ್ಲ ಕೈ ಮುಗಿಯುತ್ತೇನೆ, ಅಷ್ಟಕ್ಕೇ ಹಗುರಾಗುತ್ತದೆ. ಆ ತಾಯಿ ತಮ್ಮವರ ಬೂದಿಯನ್ನು ಏನು ಮಾಡಿದರು ಎಂದು ನೀವು ಯಾರಾದರೂ ಕೇಳಿದಿರಾ?

*ಕೇಳಿರಲಿಲ್ಲ. ಪತ್ರ ಬಂದ ದಿನವೇ ಫೋನ್ ಮಾಡಿದೆವು. ಮಣ್ಣಿನ ಮಡಕೆ ಇಂದಿಗೂ ಅವರ ಬೀರುವಿನಲ್ಲಿದೆ, ಮದುವೆಯ ಸೀರೆಯ ಪಕ್ಕದಲ್ಲಿ. ಸ್ಮಶಾನದವರು ಬೇಡವೆಂದಾರೆಂದು ಹೆದರಿ ಯಾರಿಗೂ ಹೇಳಿರಲಿಲ್ಲ. ಮಂಗಳೂರಿನ ಪತ್ರವನ್ನು ಅಚ್ಚಿಗೆ ಮೊದಲೇ ಅವರಿಗೆ ಕಳುಹಿಸಿದ್ದೇವೆ. ಅವರ ಧರ್ಮಕೇಂದ್ರದ ಗುರುಗಳೊಂದಿಗೂ ಮಾತನಾಡಿದ್ದೇವೆ.*