ರೆಕ್ಟಿಫೈಯರ್, ಫಿಲ್ಟರ್, ರಿಪ್ಪಲ್: ಕೆಲಸ ತೋರಿಸುವ ಪದ ಬೇಕು

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲ್ ಮಕ್ಕಳಿಗೆ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. 12 ವೋಲ್ಟಿನ ಪವರ್ ಸಪ್ಲೈಯನ್ನು ತಾವೇ ಬೆಸುಗೆ ಹಾಕಿ ಮಾಡಿಕೊಳ್ಳುವುದು ಹೇಗೆ ಅಂತ. ಡಯೋಡ್, ಟ್ರಾನ್ಸ್‌ಫಾರ್ಮರ್, ಕೆಪಾಸಿಟರ್ ಇವಕ್ಕೆಲ್ಲ ಕನ್ನಡ ಹುಡುಕುವ ಹಟ ನನಗಿಲ್ಲ. ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದರೆ ಅಂಗಡಿಯವರನ್ನು ಕೇಳಬೇಕಾದದ್ದು ಅದೇ ಹೆಸರಲ್ಲಿ. ಹಳೇ ರೇಡಿಯೋ ರಿಪೇರಿಯವರು ಕೆಪಾಸಿಟರಿಗೆ ಕಂಡೆನ್ಸರ್ ಅನ್ನುತ್ತಾರೆ, ಅದೂ ಇರಲಿ. ತೊಡಕಿರುವುದು ಕೆಲಸವನ್ನು ಹೇಳುವ ಮೂರು ಪದಗಳಲ್ಲಿ.

ಮೊದಲನೆಯದು ರೆಕ್ಟಿಫೈಯರ್. ಹಿಂದಿಯ ದಿಷ್ಟಕಾರಿಯನ್ನು ಹಾಗೇ ಎತ್ತಿಕೊಳ್ಳಬಹುದು, ಆದರೆ ಕನ್ನಡದ ಹುಡುಗನಿಗೆ ಅದರಿಂದ ಏನೂ ಹೊಳೆಯುವುದಿಲ್ಲ. ಪರಿವರ್ತಕ ಅಂದರೆ ಟ್ರಾನ್ಸ್‌ಫಾರ್ಮರ್ ಆಗಿಬಿಟ್ಟಿದೆ, ಹಳ್ಳಿಯಲ್ಲೂ ಟೀಸಿ ಸುಟ್ಟರೆ ಪತ್ರಿಕೆಯವರು ಬರೆಯುವುದು ಪರಿವರ್ತಕ ಅಂತಲೇ. ದಿಕ್ಪರಿವರ್ತಕ ಎಂಬುದನ್ನು ಡಿಸಿ ಮೋಟಾರಿನ ಪಾಠದಲ್ಲಿ ಕಮ್ಯುಟೇಟರಿಗೆ ಕೊಟ್ಟಾಗಿದೆ. ಹಾಗಾಗಿ ಸುಮ್ನೆ "ಎಸಿಯನ್ನು ಡಿಸಿ ಮಾಡುವ ಸಾಧನ" ಅಂತ ಬರೆದು ಮುಗಿಸೋಣ ಅನಿಸುತ್ತೆ. ಅಲ್ಲೇ ನನ್ನ ತಕರಾರು.

ರೆಕ್ಟಿಫೈಯರ್ ಡಿಸಿ ಮಾಡುತ್ತೆ ಅನ್ನುವುದು ಅರ್ಧ ಮಾತು ಮಾತ್ರ. ಮನೆಯ 230 ವೋಲ್ಟನ್ನು ಟ್ರಾನ್ಸ್‌ಫಾರ್ಮರ್ 12ಕ್ಕೆ ಇಳಿಸಿತು ಅನ್ನಿ. ಈ 12 ಎಸಿಯ ಪರಿಣಾಮದ ಲೆಕ್ಕ (ಆರ್‌ಎಂಎಸ್), ತುದಿಯ ಲೆಕ್ಕ ಅಲ್ಲ. ಅದರ ತುದಿ ಸುಮಾರು 17 ವೋಲ್ಟಿಗೆ ಏರಿ, ಸೊನ್ನೆಗೆ ಇಳಿದು, ಆಚೆ ದಿಕ್ಕಿನಲ್ಲೂ 17ಕ್ಕೆ ಹೋಗಿ ಬರುತ್ತೆ, ಸೆಕೆಂಡಿಗೆ 50 ಸಲ. ನಾಲ್ಕು ಡಯೋಡುಗಳ ಬ್ರಿಡ್ಜ್ ಹಾಕಿದರೆ ಒಂದು ಸರದಿಯಲ್ಲಿ ಎರಡು ಡಯೋಡು ದಾರಿ ಬಿಡುತ್ತವೆ, ಮುಂದಿನ ಸರದಿಯಲ್ಲಿ ಉಳಿದೆರಡು, ಒಟ್ಟಿನಲ್ಲಿ ಲೋಡಿನೊಳಗೆ ಕರೆಂಟು ಯಾವಾಗಲೂ ಒಂದೇ ಕಡೆಗೆ ಹರಿಯುತ್ತೆ. ಎರಡು ಡಯೋಡು ದಾಟುವಾಗ ಒಂದೂವರೆ ವೋಲ್ಟಿನಷ್ಟು ಕಳೆದು, ತುದಿಯಲ್ಲಿ ಹದಿನೈದೂವರೆ ಉಳಿಯುತ್ತೆ. ದಿಕ್ಕು ಸರಿಹೋಯಿತು, ನಿಜ. ಆದರೆ ವೋಲ್ಟೇಜು ಸೆಕೆಂಡಿಗೆ 100 ಸಲ ಸೊನ್ನೆಗೆ ಬೀಳುತ್ತಲೇ ಇರುತ್ತೆ! ಇದನ್ನು "ನೇರ ವಿದ್ಯುತ್" ಅಂತ ಕರೆದು ರೇಡಿಯೋಗೆ ಕೊಟ್ಟು ನೋಡಿ, ಗುಂಯ್ ಅನ್ನುವುದು ಬಿಟ್ಟು ಬೇರೇನೂ ಕೇಳಿಸುವುದಿಲ್ಲ.

ಅದಕ್ಕೆ ನನ್ನ ಸಲಹೆ ಇದು. ನಮ್ಮಲ್ಲಿ ಏಕಮುಖ ವಿದ್ಯುತ್, ನೇರ ವಿದ್ಯುತ್ ಎರಡೂ ಬಳಕೆಯಲ್ಲಿವೆ, ಎರಡನ್ನೂ ಡಿಸಿ ಅನ್ನುವ ಅರ್ಥದಲ್ಲೇ ಬಳಸುತ್ತೇವೆ. ಬೇರೆ ಮಾಡೋಣ. ಬ್ರಿಡ್ಜ್ ದಾಟಿ ಬಂದದ್ದು ಏಕಮುಖ, ಕೆಪಾಸಿಟರ್ ಆ ಇಳಿತಗಳನ್ನು ತುಂಬಿದ ಮೇಲೆ ಬಂದದ್ದು ನೇರ. ಆಗ ರೆಕ್ಟಿಫೈಯರಿಗೆ ಏಕಮುಖಕ ಅನ್ನಬಹುದು. ಕವಾಟ ಅಂತಲೂ ಯೋಚಿಸಿದ್ದೆ. ವಿಜ್ಞಾನಿ ಫ್ಲೆಮಿಂಗ್ 1904ರಲ್ಲಿ ಮಾಡಿದ ನಿರ್ವಾತ ಡಯೋಡಿಗೆ ವಾಲ್ವ್ ಎಂಬ ಹೆಸರು ಬಂದದ್ದೇ ಒಂದು ಕಡೆಗೆ ಮಾತ್ರ ಬಿಡುತ್ತೆ ಅಂತ. ಆದರೆ ಕವಾಟ ಒಂದೊಂದು ಡಯೋಡಿಗೆ ಹೊಂದೀತು, ನಾಲ್ಕೂ ಸೇರಿದ ಬ್ರಿಡ್ಜಿಗೆ ಅಲ್ಲ. ಅದೂ ಅಲ್ಲದೆ ಆ ಪದವನ್ನು ಹೃದಯದ ಡಾಕ್ಟರುಗಳು ಹಿಡಿದಿಟ್ಟುಕೊಂಡಿದ್ದಾರೆ.

ಎರಡನೆಯದು ಫಿಲ್ಟರ್, ಅಂದರೆ ಬ್ರಿಡ್ಜ್ ದಾಟಿ ಬಂದದ್ದನ್ನು ಸಮ ಮಾಡುವ ಭಾಗ, ಇಲ್ಲಿ ಕೆಪಾಸಿಟರ್. ಸೋಸುಕ, ಶೋಧಕ ಎರಡನ್ನೂ ಬರೆದು ಹೊಡೆದುಹಾಕಿದೆ. ಸೋಸಿದರೆ ಮೇಲೆ ಚರಟ ಉಳಿಯಬೇಕು, ಕೆಳಗೆ ಬಂದದ್ದು ಮೊದಲಿಗಿಂತ ಕಡಿಮೆ ಇರಬೇಕು, ಅಲ್ವಾ? ಇಲ್ಲಿ ನೋಡಿ. ಬ್ರಿಡ್ಜಿನ ಮುಂದೆ ಒಂದು ರೆಸಿಸ್ಟರ್ ಇಟ್ಟು ಮಲ್ಟಿಮೀಟರನ್ನು ಡಿಸಿಯಲ್ಲಿ ಹಿಡಿದರೆ 10 ವೋಲ್ಟಿನ ಹತ್ತಿರ ತೋರಿಸುತ್ತೆ, ಅದು ಸರಾಸರಿ. ಅದೇ ಜಾಗಕ್ಕೆ ಒಂದು ದೊಡ್ಡ ಕೆಪಾಸಿಟರ್ ಸೇರಿಸಿ, ರೀಡಿಂಗ್ 15ಕ್ಕೆ ಜಿಗಿಯುತ್ತೆ. ಸೋಸಿದ ಮೇಲೆ ಜಾಸ್ತಿ ಆಗುವುದುಂಟೇ? ಕೆಪಾಸಿಟರ್ ಮಾಡುವುದು ತುದಿಯಲ್ಲಿ ತುಂಬಿಕೊಂಡು ಇಳಿತದಲ್ಲಿ ಸುರಿಯುವ ಕೆಲಸ. ಎಂಜಿನಿಯರಿಂಗ್ ಓದಿದವರು ಇದಕ್ಕೆ ಆಕ್ಷೇಪ ಎತ್ತಬಹುದು, ಎಸಿ ಅಂಶವನ್ನು ಬೇರೆ ಮಾಡುವುದೂ ಸೋಸುವುದೇ ಅಂತ, ಅವರ ಲೆಕ್ಕದಲ್ಲಿ ಅದು ಸರಿ. ಚೋಕ್ ಕಾಯಿಲ್ (ಕರೆಂಟಿನ ಬದಲಾವಣೆಯನ್ನು ತಡೆಯುವ ತಂತಿ ಸುರುಳಿ) ಇರುವ ಕಡೆ ನಾನೂ ಒಪ್ಪುತ್ತೇನೆ. ಆದರೆ ಮೊದಲ ಸಲ ಕಲಿಯುವವರಿಗೆ ತುಂಬುಕ ಅಂತಲೋ ಇನ್ನೇನೋ ಬೇಕು. ತುಂಬುಕ ಕಿವಿಗೆ ಅಷ್ಟು ಚೆನ್ನಾಗಿಲ್ಲ, ನನಗೂ ಗೊತ್ತು. ಬೇರೆ ಹೇಳಿ.

ಮೂರನೆಯದು ರಿಪ್ಪಲ್, ಅಂದರೆ ಕೆಪಾಸಿಟರ್ ಹಾಕಿದ ಮೇಲೂ ವೋಲ್ಟೇಜಿನಲ್ಲಿ ಉಳಿಯುವ ಸಣ್ಣ ಕುಲುಕು. ಇದೇ ಜಾಸ್ತಿ ಕಾಡುತ್ತಿರುವುದು. ಅಲೆ ಅಂದರೆ ಮೂಲ ಎಸಿಯ ಅಲೆ ಜೊತೆ ಗೊಂದಲ. ಏರಿಳಿತ ಅಂದರೆ ಸಂಜೆ ಪಂಪ್‌ಸೆಟ್ ಎಲ್ಲ ಒಟ್ಟಿಗೆ ಶುರುವಾದಾಗ ವೋಲ್ಟೇಜ್ ಕುಸಿಯುತ್ತಲ್ಲ, ಅದು ನೆನಪಾಗುತ್ತೆ. ನನ್ನ ಓಟು ನಿರಿಗೆಗೆ. ಆಸಿಲೋಸ್ಕೋಪಿನಲ್ಲಿ ಒಂದು ಕಡೆ ಕಡಿದಾಗಿ ಏರಿ ಇನ್ನೊಂದು ಕಡೆ ನಿಧಾನವಾಗಿ ಜಾರುವ ಆ ಗೆರೆ ಸೀರೆಯ ನಿರಿಗೆಯಂತೆಯೇ ಕಾಣುತ್ತೆ. ವಾಕ್ಯದಲ್ಲೂ ಕೂರುತ್ತೆ: "ಅರ್ಧ ಆಂಪಿಯರ್ ಎಳೆದರೆ 1000 ಮೈಕ್ರೋಫ್ಯಾರಡ್ ಕೆಪಾಸಿಟರಿನಲ್ಲಿ ನಿರಿಗೆ ಹತ್ತಿರ ಹತ್ತಿರ 5 ವೋಲ್ಟ್ ಬರುತ್ತೆ, 4700 ಹಾಕಿದರೆ 1 ವೋಲ್ಟಿಗೆ ಇಳಿಯುತ್ತೆ." ಇದು ಬರೀ ಅಂದಚೆಂದದ ಮಾತಲ್ಲ. ವೋಲ್ಟೇಜನ್ನು 12ರಲ್ಲೇ ನಿಲ್ಲಿಸಲು ಮುಂದೆ ಕೂರಿಸುವ 7812 ಐಸಿಗೆ 12 ಕೊಡಲು 14ರ ಮೇಲೆ ಬೇಕು. ನಿರಿಗೆ 5 ವೋಲ್ಟ್ ಇದ್ದರೆ ಪ್ರತಿ ಇಳಿತದಲ್ಲೂ ಅದರ ಕೆಳಗೆ ಜಾರಿ, ಐಸಿ ಇದ್ದೂ ಗುಂಯ್ ಸದ್ದು ಹಾಗೇ ಬರುತ್ತೆ. ಒಂದೇ ಡಯೋಡಿನ ಅರ್ಧ ತರಂಗದಲ್ಲಂತೂ ಇಳಿತ ಎರಡರಷ್ಟು ಉದ್ದ, ನಿರಿಗೆಯೂ ಎರಡರಷ್ಟು.

ರಿಪೇರಿ ಅಂಗಡಿಗಳಲ್ಲಿ ಈ ಸದ್ದಿಗೆ ಹಮ್ಮಿಂಗ್ ಅನ್ನುವುದನ್ನು ಕೇಳಿದ್ದೇನೆ. ಧಾರವಾಡ, ಕಲಬುರಗಿ, ಮಂಗಳೂರು ಕಡೆಯವರು, ನಿಮ್ಮಲ್ಲಿ ಬೇರೆ ಮಾತು ಇದೆಯಾ? ಫಿಲ್ಟರಿಗಂತೂ ಯಾರಾದರೂ ಒಂದು ಒಳ್ಳೇ ಪದ ಕೊಡಿ, ಸಿಗದಿದ್ದರೆ ಫಿಲ್ಟರ್ ಅಂತಲೇ ಇಟ್ಟು, ಪಕ್ಕದಲ್ಲಿ "ಇದು ಸೋಸುವುದಿಲ್ಲ, ತುಂಬುತ್ತೆ" ಅಂತ ಒಂದು ಸಾಲು ಬರೆದುಬಿಡುತ್ತೇನೆ.