ಸಹಾಯ ಬೇಕು: ಮನೆಯೊಳಗೇ ಇರೋ ಬೆಕ್ಕನ್ನ ಆಡಿಸೋದು ಹೇಗೆ?

ಎಲ್ಲರಿಗೂ ನಮಸ್ಕಾರ. ಬೆಂಗಳೂರಲ್ಲಿ ಮೂರನೇ ಮಹಡಿಯ ಫ್ಲಾಟ್ ನಮ್ಮದು. ಎರಡು ವರ್ಷದ ಗಂಡು ಬೆಕ್ಕು, ಸಂತಾನಹರಣದ ಆಪರೇಷನ್ ಆಗಿದೆ, ಹೊರಗೆ ಬಿಡಲ್ಲ. ಬಾಲ್ಕನಿಗೆ ಪಾರಿವಾಳದ ಬಲೆ ಬೇರೆ ಹಾಕಿಸಿದ್ದೀವಿ, ಹಾಗಾಗಿ ಸಿಗೋ ಬೇಟೆ ಅಂದ್ರೆ ಅಪರೂಪಕ್ಕೊಂದು ಹಲ್ಲಿ.

ಹಗಲೆಲ್ಲ ಫ್ರಿಜ್ ಮೇಲೆ ನಿದ್ದೆ. ಬೆಳಗಿನ ಜಾವ ಮಾತ್ರ ಹೊದಿಕೆಯೊಳಗೆ ಕಾಲ್ಬೆರಳು ಅಲ್ಲಾಡಿದ್ರೆ ಸಾಕು, ಹಾರಿ ಕಚ್ಚುತ್ತೆ. ಡಾಕ್ಟರ್ ನೋಡಿ, ಕಾಯಿಲೆ ಏನಿಲ್ಲ, ತೂಕ ಜಾಸ್ತಿ, ಆಟ ಸಾಲ್ತಿಲ್ಲ ಅಂದ್ರು. ಬೆಕ್ಕುಗಳು ಚುರುಕಾಗೋದೇ ನಸುಕಲ್ಲಿ, ಮುಸ್ಸಂಜೇಲಿ. ಆ ಹೊತ್ತಿಗೆ ಹೊಂಚು ಹಾಕಿ, ಅಟ್ಟಿಸ್ಕೊಂಡು ಹೋಗಿ, ಹಿಡಿದು ಕಚ್ಚೋ ತನಕ ಆಡಿಸಿ, ಆಮೇಲೆ ಊಟ ಹಾಕಿ ಅಂದಿದ್ದಾರೆ. ಲೇಸರ್ ಲೈಟಲ್ಲಿ ಕೊನೆಗೆ ಹಿಡಿಯೋಕೆ ಏನೂ ಸಿಗಲ್ಲ, ಅದಕ್ಕೇ ತಂದಿಲ್ಲ. ಉಲ್ಲನ್ ದಾರವೂ ಬೇಡ, ನುಂಗಿದ್ರೆ ಕರುಳಿಗೆ ಅಪಾಯ.

ಗರಿ ಕಟ್ಟಿದ ಕೋಲಿಗೆ ಸ್ವಲ್ಪ ಹೊತ್ತು ಕುಣಿದು ಮಗ್ಗಲು ಬದಲಿಸಿಬಿಡುತ್ತೆ. ಆ ಕೋಲು ಬಂದ ರಟ್ಟಿನ ಡಬ್ಬ ಮಾತ್ರ ಪಂಚಪ್ರಾಣ!

ಆಫೀಸಿಗೆ ಹೋಗೋರು ಸಂಜೆ ಆಟಕ್ಕೆ ಹೊತ್ತು ಹೇಗೆ ಹೊಂದಿಸ್ತೀರಿ? ಗರಿ ಬಿಟ್ಟು ಬೇರೇನು ಇಷ್ಟ ಆಯ್ತು ನಿಮ್ಮ ಬೆಕ್ಕಿಗೆ? ಡ್ರೈ ಫುಡ್ ಅಲ್ಲಲ್ಲಿ ಬಚ್ಚಿಟ್ಟು ಹುಡುಕಿಸೋದು ಯಾರಾದ್ರೂ ಮಾಡಿದ್ದೀರಾ? ಇನ್ನೊಂದು ಬೆಕ್ಕು ತನ್ನಿ ಅಂತ ಮಾತ್ರ ಹೇಳ್ಬೇಡಿ, ಮನೆ ಓನರ್ ಇದೊಂದಕ್ಕೇ ಮುಖ ಗಂಟು ಹಾಕ್ಕೊಂಡಿದ್ದಾರೆ.